ಅತ್ತೆಯ ನರಕ್ಕೆ ಹಾಕಿದ ಸೂಜಿ

ನಾನು ಹುಟ್ಟಿದ್ದೇ ಅನುಮಾನದ ಮನೆಯಲ್ಲಿ. ಅಪ್ಪ ಕೊಡಗಿನ ಬಿಟ್ಟಂಗಾಲದ ಒಂದು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಪಿಕ್ಕಿಂಗ್ ದಿನಗಳಲ್ಲಿ ಸಂಜೆ ಕಾಫಿ ಹಣ್ಣು ಅಳೆಯುವಾಗ ಆಳುಗಳಿಗೆ ಅಪ್ಪನ ಮೇಲೆ ಅನುಮಾನ, ಅಪ್ಪನಿಗೆ ಆಳುಗಳ ಮೇಲೆ ಅನುಮಾನ, ಇಬ್ಬರ ಮೇಲೂ ತೋಟದ ದೊರೆಗೆ ಅನುಮಾನ. ಚೀಲದ ತಳದಲ್ಲಿ ಕಲ್ಲು ಸೇರಿದೆಯೋ ಎಂದು ಅಪ್ಪ ಮೊಣಕೈವರೆಗೆ ಕೈ ಇಳಿಸಿ ನೋಡುವುದನ್ನು ಕಂಡೇ ಬೆಳೆದವಳು ನಾನು. ಈಗಲೂ ಯಾರಾದರೂ ನಕ್ಕು ಮಾತಾಡಿಸಿದರೆ, ಇವರಿಗೆ ನನ್ನಿಂದ ಏನು ಕೆಲಸ ಆಗಬೇಕಿದೆ ಎಂಬುದೇ ಮೊದಲು ಹೊಳೆಯುತ್ತದೆ. ವಯಸ್ಸಾದರೂ ಈ ಗುಣ ಹೋಗಿಲ್ಲ, ಹೋಗುವುದೂ ಬೇಡ.

ಮದುವೆಯಾಗಿ ಬಂದದ್ದು ಕುಶಾಲನಗರದ ಹತ್ತಿರದ ಹಳ್ಳಿಗೆ. ಗಂಡನ ಮನೆಯವರು ಹಾಸನದ ಕಡೆಯಿಂದ ಬಂದು ಅಲ್ಲಿ ನೆಲೆ ನಿಂತ ಗದ್ದೆಯವರು. ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಇನ್ನೂ ಹೆಚ್ಚು ಕಾಲ ಆಗಿರಲಿಲ್ಲ. ನಮ್ಮ ತವರಿನ ಕಡೆಯವರು ಬಸ್ಸು ತಡವಾದರೂ, ಮೆಣಸಿನ ಬಳ್ಳಿ ಒಣಗಿದರೂ 'ಮೈಸೂರಿಗೆ ಸೇರಿದ ಮೇಲೆ ಹೀಗೆ' ಎನ್ನುತ್ತಿದ್ದರು. ಗಂಡನ ಮನೆಯವರಿಗೆ ಆ ಚಿಂತೆ ಇರಲಿಲ್ಲ. ಹೊಳೆ ದಾಟಿದರೆ ಮೈಸೂರು ಸೀಮೆ, ಅವರಿಗೆ ಎರಡು ದಡವೂ ಒಂದೇ. ನಾನು 'ಉಂಟು' ಅಂದರೆ ಅತ್ತೆ ನಗುತ್ತಿದ್ದರು, ಅವರು 'ಐತೆ' ಅಂದರೆ ನಾನು ಒಳಗೊಳಗೇ ನಗುತ್ತಿದ್ದೆ.

ಮನೆಯಲ್ಲಿ ನಾವು ಮೂವರೇ. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅತ್ತೆಗೆ ಐವತ್ತರ ಹತ್ತಿರ. ನನ್ನ ಗಂಡ ಮಾತು ಕಡಿಮೆಯ ಮನುಷ್ಯ, ತಾಯಿ ಮತ್ತು ಹೆಂಡತಿ ಎದುರುಬದುರು ನಿಂತರೆ ಎತ್ತುಗಳಿಗೆ ನೀರು ಕುಡಿಸಲು ಹೊರಟುಬಿಡುವವರು. ನಾನು ಬಂದ ಮೊದಲನೆಯ ನಾಟಿಯಲ್ಲೇ ಅತ್ತೆ ಬಿದ್ದರು. ತಲೆಯ ಮೇಲೆ ಸಸಿಯ ಮಂಕರಿ ಹೊತ್ತು ಬದುವಿನ ಮೇಲೆ ಹೋಗುತ್ತಿದ್ದವರು ಕಾಲು ಜಾರಿ ಕೆಳಗಿನ ಗದ್ದೆಗೆ ಕುಳಿತ ಭಂಗಿಯಲ್ಲೇ ಇಳಿದರು. ಆಮೇಲೆ ಸೊಂಟ, ಸೊಂಟದಿಂದ ಎಡಗಾಲಿನ ಹಿಮ್ಮಡಿಯವರೆಗೆ ನೋವು. ಮಿಲಿಟರಿಯಲ್ಲಿದ್ದ ನೆಂಟರೊಬ್ಬರು ಹೇಳಿದರೆಂದು ಮದರಾಸಿಗೆ ಕರೆದೊಯ್ದು ಆಪರೇಷನ್ ಮಾಡಿಸಿದ್ದಾಯಿತು. ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ ಜಾರಿ ಕಾಲಿನ ನರವನ್ನು ಒತ್ತುತ್ತಿದೆ, ಅದನ್ನು ತೆಗೆದಿದ್ದೇವೆ, ಇನ್ನು ಭಯವಿಲ್ಲ ಎಂದರು ಅಲ್ಲಿಯವರು. ಗಾಯ ಮಾಯ್ದಿತು. ಹೊಲಿಗೆಯ ಗುರುತು ನೇರವಾಗಿ, ಅಚ್ಚುಕಟ್ಟಾಗಿ ಉಳಿಯಿತು. ನೋವು ಮಾತ್ರ ತಿಂಗಳೊಳಗೆ ಅದೇ ದಾರಿ ಹಿಡಿದು ವಾಪಸು ಬಂತು.

ಹೋದ ನೋವು ತಿರುಗಿ ಬಂದರೆ ಊರಿಗೆ ದೊಡ್ಡ ಕೆಲಸ ಸಿಕ್ಕಿದಂತೆ. ಒಳಗೆ ಹತ್ತಿ ಬಿಟ್ಟು ಹೊಲಿದಿದ್ದಾರೆ ಎಂದರು ಕೆಲವರು. ಒಂದು ನರ ಕೊಯ್ದು ಇನ್ನೊಂದಕ್ಕೆ ಗಂಟು ಹಾಕಿದ್ದಾರೆ ಎಂದರು ಇನ್ನು ಕೆಲವರು. ಮಡಿಕೇರಿಯ ಡಾಕ್ಟರು ಮೂಳೆಯ ಫೋಟೋ ತೆಗೆಸಿ, ಬೆಳಕಿಗೆ ಹಿಡಿದು, 'ಇದರಲ್ಲಿ ಏನೂ ಕಾಣುವುದಿಲ್ಲ' ಎಂದಮೇಲೆ ಮೂರನೆಯ ಮಾತು ಹುಟ್ಟಿತು. ನೋವೇ ಇಲ್ಲ, ಸೊಸೆ ಬಂದಮೇಲೆ ಅತ್ತೆಗೆ ಕೆಲಸ ಬೇಡವಾಗಿದೆ ಎಂಬ ಮಾತು ಅದು. ನನ್ನ ಕಿವಿಗೆ ಈ ಮೂರನೆಯದು ಬಹಳ ಹಿತವಾಗಿ ಬಿತ್ತು.

ಏಕೆಂದರೆ ನಾನು ಲೆಕ್ಕ ಹಾಕುತ್ತಿದ್ದೆ. ಮಗ ಗದ್ದೆಯಿಂದ ಬರುವ ಹೊತ್ತಿಗೆ ನರಳಾಟ ಹೆಚ್ಚು. ಹೆಂಗಸರು ಬಂದು ಕೂತರೆ ನರಳಾಟದ ಜೊತೆಗೆ ವಿವರಣೆಯೂ ಉಂಟು. ನಾನೊಬ್ಬಳೇ ಇರುವಾಗ ಮಾತ್ರ ಸದ್ದಿಲ್ಲ. ಚೀಲದ ತಳದಲ್ಲಿ ಕಲ್ಲಿದೆ ಎಂದುಕೊಂಡೆ. ಒಂದು ಮಧ್ಯಾಹ್ನ ಹೊಳೆಗೆ ಬಟ್ಟೆ ಒಗೆಯಲು ಹೋಗುತ್ತೇನೆಂದು ಹೇಳಿ, ಹಿತ್ತಿಲು ಸುತ್ತಿ ಬಂದು, ಅವರ ಕೋಣೆಯ ಕಿಟಕಿಯಿಂದ ಇಣುಕಿದೆ. ಅತ್ತೆ ಗೋಡೆಗೆ ಹಣೆ ಒತ್ತಿ ಮೊಣಕಾಲೂರಿದ್ದರು. ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿದ್ದರು. ಎಡಗಾಲು ತನ್ನಷ್ಟಕ್ಕೆ ನಡುಗುತ್ತಿತ್ತು. ಬಾಯಿಂದ ಒಂದು ಸದ್ದೂ ಇಲ್ಲ, ಕಣ್ಣಿನಿಂದ ನೀರು ಮಾತ್ರ ಇಳಿಯುತ್ತಿತ್ತು. ನೋಡುವವರಿಲ್ಲದೆ ಯಾರೂ ಹಾಗೆ ನಾಟಕ ಆಡುವುದಿಲ್ಲ. ಬಟ್ಟೆ ಹೆಗಲ ಮೇಲಿಟ್ಟುಕೊಂಡು ನಿಜಕ್ಕೂ ಹೊಳೆಗೆ ಹೋದೆ. ಆವತ್ತಿನಿಂದ ಅತ್ತೆಯ ನೋವನ್ನು ಯಾರಾದರೂ ಸುಳ್ಳು ಅಂದರೆ ಜಗಳಕ್ಕೆ ನಿಲ್ಲುತ್ತಿದ್ದವಳು ನಾನೇ.

ಕೂರಲು ಅವರಿಗೆ ಆಗುತ್ತಲೇ ಇರಲಿಲ್ಲ. ಕಿಟಕಿಯ ಕಟ್ಟೆಯ ಮೇಲೆ ತಟ್ಟೆ ಇಟ್ಟುಕೊಂಡು ನಿಂತೇ ಉಣ್ಣುತ್ತಿದ್ದರು. ಉಣ್ಣುವಾಗ ನನ್ನ ಕಡೆ ಬೆನ್ನು. ಅದು ನೋವಿನ ಭಂಗಿ ಎಂದೇ ನಾನು ತಿಳಿದಿದ್ದೆ.

ಹೀಗೆ ವರ್ಷಗಳು ಹೋಗುತ್ತಿರುವಾಗ ಮಡಿಕೇರಿಯ ಡಾಕ್ಟರೇ ಒಂದು ಹೊಸ ಮಾತು ಹೇಳಿ ಕಳಿಸಿದರು. ಮೈಸೂರಿನ ಒಂದು ಆಸ್ಪತ್ರೆಗೆ ಪರದೇಶದಲ್ಲಿ ಕಲಿತ ಡಾಕ್ಟರೊಬ್ಬರು ಬಂದಿದ್ದಾರೆ. ಬೆನ್ನಿನ ಆಪರೇಷನ್ ಆದಮೇಲೂ ನೋವು ಉಳಿದವರಿಗೆ ಅವರು ಮತ್ತೆ ಕೊಯ್ಯುವುದಿಲ್ಲ, ನೋವು ತರುವ ನರವನ್ನು ಹುಡುಕಿ ಅದರ ಪಕ್ಕಕ್ಕೇ ಸೂಜಿಯಿಂದ ಔಷಧಿ ಬಿಡುತ್ತಾರೆ. ಕೇಳಿದ ಕೂಡಲೇ ನನಗೆ ಅನುಮಾನ. ಸೂಜಿಯಲ್ಲೇ ಹೋಗುವ ನೋವಾದರೆ ಮದರಾಸಿನವರು ಅಷ್ಟುದ್ದ ಕೊಯ್ದದ್ದು ಏಕೆ? ಗಂಡನಿಗೆ ಹೇಳಿದೆ. "ಹೋಗಿ ಕೇಳೋಣ, ಕೇಳಿದ್ರೆ ಏನ್ ಗಂಟು ಹೋಗ್ತೈತೆ" ಅಂದು ಅವರು ಎತ್ತುಗಳ ಕಡೆ ನಡೆದರು.

ಸುಗ್ಗಿಯ ಕೆಲಸ ಇನ್ನೂ ಮುಗಿದಿರಲಿಲ್ಲ. ಗಂಡ ನಮ್ಮಿಬ್ಬರನ್ನು ಮೈಸೂರಿನವರೆಗೆ ಬಿಟ್ಟು, ಆಸ್ಪತ್ರೆಯಲ್ಲಿ ಮಂಚ ಕೊಡಿಸಿ, ಅದೇ ದಿನದ ಬಸ್ಸಿಗೆ ವಾಪಸಾದರು. ಊರಿನಿಂದ ಮೈಸೂರಿಗೆ ಬರುವಾಗ ಪಿರಿಯಾಪಟ್ಟಣ, ಹುಣಸೂರು ದಾಟಿ ಅಷ್ಟು ದೂರವನ್ನೂ ಅತ್ತೆ ಸರಳು ಹಿಡಿದು ನಿಂತೇ ಬಂದಿದ್ದರು. "ಸೀಟೈತಲ್ಲ ಅಜ್ಜಿ, ಕೂತ್ಕೊಳ್ಳಿ" ಎಂದು ಕಂಡಕ್ಟರ್ ಗದರಿದ. "ನಿನ್ ಸೀಟು ನೀನೇ ಇಟ್ಕೋ" ಎಂದರು ಅತ್ತೆ. ಅಜ್ಜಿ ಎಂದಿದ್ದಕ್ಕೆ ಅವರಿಗೆ ಸಿಟ್ಟು ಬಂದಿತ್ತು.

ಡಾಕ್ಟರು ಎಳೆಯರು, ನುಣ್ಣಗೆ ಕ್ಷೌರ ಮಾಡಿದ ಮುಖ, ಮೈಸೂರಿನ ಮೆತ್ತನೆಯ ಮಾತು. ಮೆತ್ತನೆಯ ಮಾತಿನವರನ್ನು ನಾನು ನಂಬುವುದಿಲ್ಲ. ಅವರು ಮೇಜಿನ ಮೇಲಿದ್ದ ಬೆನ್ನುಮೂಳೆಯ ಮಾದರಿಯನ್ನು ತೋರಿಸಿ ಹೇಳಿದರು: ಆಪರೇಷನ್ ಸರಿಯಾಗೇ ಆಗಿರಬಹುದು. ಆದರೆ ಗಾಯ ಮಾಯುವಾಗ ಒಳಗೆ ಕಲೆ ಕಟ್ಟಿ ನರದ ಸುತ್ತ ಬಿಗಿಯುವುದುಂಟು. ಇಲ್ಲಿ ನರಗಳು ಒಂದರ ಕೆಳಗೆ ಒಂದು ಹೊರಡುತ್ತವೆ, ಯಾವುದು ನೋಯುತ್ತಿದೆ ಎಂದು ಫೋಟೋದಲ್ಲಿ ಕಾಣುವುದಿಲ್ಲ. ಅದಕ್ಕೇ ಮೊದಲು ಪರೀಕ್ಷೆಯ ಸೂಜಿ. ಒಂದು ನರದ ಬುಡದಲ್ಲಿ ಮರಗಟ್ಟಿಸುವ ಔಷಧಿ ಬಿಡುತ್ತೇನೆ. ಅದು ಕೆಲವೇ ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ನೋವು ಹೋದರೆ ಅದೇ ನರ ಎಂದು ಖಾತ್ರಿ. ಅದರ ಮರುದಿನ ಅದೇ ಜಾಗಕ್ಕೆ ಬಹುಕಾಲ ನಿಲ್ಲುವ ಔಷಧಿ. ನೋವು ಹೋಗದಿದ್ದರೆ ನಾನು ಕೈಹಾಕುವುದಿಲ್ಲ. ಬೇರೆ ನರಕ್ಕೆ ಆ ಔಷಧಿ ಬಿಟ್ಟರೆ ಕಾಲೇ ಸೋತುಹೋಗಬಹುದು.

"ಅಮ್ಮಾ, ನೋವು ಹೋಯಿತೋ ಇಲ್ಲವೋ ಅಂತ ಹೇಳಬೇಕಾದವರು ನೀವು. ನಿಮ್ಮ ಮಾತು ಬಿಟ್ಟರೆ ನನಗೆ ಬೇರೆ ದಾರಿ ಇಲ್ಲ" ಎಂದರು. ಅತ್ತೆ ಸೆರಗು ಸರಿಮಾಡಿಕೊಂಡರು.

ಮರುದಿನ ಬೆಳಿಗ್ಗೆ ಸೂಜಿಯ ಕೋಣೆಗೆ ಕರೆದೊಯ್ದರು. ನನ್ನನ್ನು ಬಾಗಿಲ ಹೊರಗೇ ನಿಲ್ಲಿಸಿದರು. ನರ್ಸು ಟ್ರೇ ಹಿಡಿದು ಬರುವಾಗ ನೋಡಿದೆ, ಸೂಜಿ ನನ್ನ ಗೇಣಿನಷ್ಟಿತ್ತು. ಪಕ್ಕದ ಬಾಟಲಿಯಲ್ಲಿ ಇದ್ದದ್ದು ತಿಳಿನೀರಿನ ಹಾಗಿತ್ತು, ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕೆಲವು ಡಾಕ್ಟರು ರೋಗಿ ನಿಜ ಹೇಳುತ್ತಾನೋ ಎಂದು ನೋಡಲು ಬರೀ ಉಪ್ಪುನೀರು ಚುಚ್ಚುತ್ತಾರೆ ಎಂದು ಎಸ್ಟೇಟಿನಲ್ಲಿ ಕೇಳಿದ್ದೆ. ನರ್ಸು ಮಲಯಾಳಿ ಹುಡುಗಿ. ಬಿಟ್ಟಂಗಾಲದ ಲೈನ್‌ಗಳಲ್ಲಿ, ಮಲಯಾಳಿ ಆಳುಗಳ ಸಾಲುಮನೆಗಳಲ್ಲಿ, ಆಡಿ ಬೆಳೆದವಳಿಗೆ ಮಲಯಾಳ ಬಾರದೆ ಇರುತ್ತದೆಯೇ? ಅವಳ ಭಾಷೆಯಲ್ಲೇ ಪಿಸುಗುಟ್ಟಿ ಕೇಳಿದೆ. "ವೆಳ್ಳಂ ಅಲ್ಲ ಚೇಚಿ, ಮರುನ್ನಾಣ್" ಎಂದಳು, ನೀರಲ್ಲ ಅಕ್ಕಾ, ಔಷಧಿಯೇ ಎಂದು. ನಕ್ಕಳು ಕೂಡ. ಬೆಳ್ಳಗಿರುವುದೆಲ್ಲ ಹಾಲಲ್ಲ, ತಿಳಿಯಾಗಿರುವುದೆಲ್ಲ ನೀರೂ ಅಲ್ಲ ಎಂದು ಸಮಾಧಾನ ಮಾಡಿಕೊಂಡೆ. ಒಳಗೆ ಮಂಚದ ಮೇಲೆ ಬೋರಲು ಮಲಗಿದ್ದ ಅತ್ತೆ ಕತ್ತು ತಿರುಗಿಸಿ ನಮ್ಮಿಬ್ಬರನ್ನೇ ನೋಡುತ್ತಿದ್ದರು. ತಮಗೆ ತಿಳಿಯದ ಭಾಷೆಯಲ್ಲಿ ಸೊಸೆ ಏನು ಸಂಚು ಹೂಡುತ್ತಿದ್ದಾಳೆ ಎಂಬ ನೋಟ ಅದು.

ಸೂಜಿಯ ಕೆಲಸ ಬೇಗ ಮುಗಿಯಿತು. ಒಮ್ಮೆ ಮಾತ್ರ ಅತ್ತೆ ಜೋರಾಗಿ ಕೂಗಿದರು. "ಅಲ್ಲೇ, ಅಲ್ಲೇ ಸ್ವಾಮಿ, ಕಾಲ್ಗೆ ಹೊಡೀತು!" ಡಾಕ್ಟರು "ಸಿಕ್ಕಿತು" ಎಂದದ್ದು ಹೊರಗೆ ಕೇಳಿಸಿತು. ವಾರ್ಡಿಗೆ ತಂದು ಮಲಗಿಸಿದರು. ಸ್ವಲ್ಪ ಹೊತ್ತು ಕಾಲು ಭಾರ ಅನ್ನಿಸುತ್ತದೆ, ಆಮೇಲೆ ಎದ್ದು ಓಡಾಡಿ, ಬಗ್ಗಿ, ಕೂತು ನೋಡಿ, ಮಧ್ಯಾಹ್ನ ಬಂದು ಕೇಳುತ್ತೇನೆ ಎಂದು ಹೇಳಿ ಡಾಕ್ಟರು ಹೋದರು.

ಅತ್ತೆ ಎದ್ದರು. ನಾನು ಕೈ ಕೊಡಲು ಹೋದರೆ ಸರಿಸಿದರು. "ನೀನು ಊಟ ತತ್ತಾ ಹೋಗು" ಎಂದು ಅಟ್ಟಿದರು. ಹೋಟೆಲಿನಿಂದ ಅನ್ನ, ಸಾರು ತಂದು ವರಾಂಡದ ತಿರುವಿಗೆ ಬಂದಾಗ ಕಂಡದ್ದನ್ನು ನಾನು ಸಾಯುವವರೆಗೆ ಮರೆಯಲಾರೆ. ಹಿಂದಿನ ಅಂಗಳದ ನಲ್ಲಿಯ ಹತ್ತಿರ ಅತ್ತೆ ಕುಕ್ಕರುಗಾಲಿನಲ್ಲಿ ಕೂತಿದ್ದರು. ಮದರಾಸಿನಿಂದ ಬಂದಮೇಲೆ ಒಮ್ಮೆಯೂ ಕೂರದ ಹೆಂಗಸು. ಕೂತು, ಲೋಟಕ್ಕೆ ಮಣ್ಣು ಹಚ್ಚಿ ನಿಧಾನವಾಗಿ ತಿಕ್ಕುತ್ತಿದ್ದರು. ತೊಳೆದ ಲೋಟವನ್ನೇ ಮತ್ತೆ ಮಣ್ಣು ಹಚ್ಚಿ ತೊಳೆದರು. ಏಳುವ ಮನಸ್ಸೇ ಅವರಿಗೆ ಇರಲಿಲ್ಲ. ನಾನು ಕಂಡೆನೆಂದು ತೋರಿಸಿಕೊಳ್ಳದೆ ವಾರ್ಡಿಗೆ ಹೋಗಿ ಕಾದೆ.

ಡಾಕ್ಟರು ಹಿಂದೆ ಇಬ್ಬರು ಕಲಿಯುವವರನ್ನು ಕಟ್ಟಿಕೊಂಡು ಬಂದರು. ಇಡೀ ವಾರ್ಡಿಗೆ ಕೇಳುವ ಹಾಗೆ, "ಏನಮ್ಮಾ, ಈಗ ಚೆನ್ನಾಗಿದೆಯೋ? ನೋವು ಹೋಯಿತೋ?" ಎಂದರು.

ಅತ್ತೆ ನೆಲ ನೋಡಿದರು. "ಎಲ್ಲೋಗ್ತೈತೆ ಸ್ವಾಮಿ. ಹಂಗೇ ಐತೆ."

"ಸ್ವಲ್ಪವೂ ಕಮ್ಮಿ ಇಲ್ಲವೇ?"

"ಹಂಗೇ ಐತೆ."

ಡಾಕ್ಟರ ಮುಖ ಇಳಿಯಿತು. ಕಲಿಯುವವರಿಗೆ ಇಂಗ್ಲಿಷಿನಲ್ಲಿ ಏನೋ ಹೇಳಿದರು. ನನ್ನ ಕಡೆ ತಿರುಗಿ, "ಹಾಗಾದರೆ ಆ ನರ ಅಲ್ಲ. ಇದಕ್ಕಿಂತ ಮುಂದಕ್ಕೆ ಹೋಗುವುದು ಕ್ಷೇಮವಲ್ಲ. ನಾಳೆ ಊರಿಗೆ ಕರೆದುಕೊಂಡು ಹೋಗಿ" ಎಂದು ಮುಂದಿನ ಮಂಚಕ್ಕೆ ನಡೆದರು. ಹಿರಿಯರ ಮಾತನ್ನು ನಾಲ್ಕು ಜನರ ಎದುರು ಸುಳ್ಳು ಎನ್ನಲು ಆ ಕಾಲದ ಸೊಸೆಗೆ ನಾಲಗೆ ಹೊರಳುತ್ತಿರಲಿಲ್ಲ.

ನನ್ನ ತಲೆ ತಕ್ಷಣ ಹಳೆಯ ದಾರಿಗೆ ಬಿತ್ತು. ಓಹೋ, ಇವರಿಗೆ ನೋವು ಹೋಗುವುದೇ ಬೇಡ ಎಂದುಕೊಂಡೆ. ನೋವಿದ್ದರೆ ತಾನೇ ಮಗ ಬಂದು ಕಾಲ ಬಳಿ ಕೂರುವುದು, ಮನೆ ಕೈಯಲ್ಲಿರುವುದು. ಗೋಡೆಗೆ ಹಣೆ ಒತ್ತಿದ್ದನ್ನು ಕಣ್ಣಾರೆ ಕಂಡವಳಿಗೇ ಇಂಥ ಯೋಚನೆ ಬಂತು ಎಂದರೆ ನೋಡಿ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಅನ್ನದ ಪಾತ್ರೆ ಮಂಚದ ಮೇಲೆ ಕುಕ್ಕಿ, ಮೆಲ್ಲಗೆ ಹೇಳಿದೆ. "ಅತ್ತೆ, ನಲ್ಲಿ ಹತ್ರ ನೀವು ಕೂತದ್ದನ್ನ ನಾನು ನೋಡಿದ್ದೇನೆ."

ಅವರ ಮುಖ ಬಿಳಿಚಿಕೊಂಡಿತು. "ಅದ್ನೂ ನೋಡ್ಬುಟ್ಯಾ?"

"ನೋವು ಹೋಗಿ ಉಂಟು ನಿಮಗೆ. ಎಂತಕ್ಕೆ ಸುಳ್ಳು ಹೇಳಿದ್ದು?"

"ಬಾಯ್ಮುಚ್ಚು!" ಎಂದರು. "ಯಾರಾರ ಹೇಳ್ಲಿ, ನೀನು ಹೇಳ್ಬ್ಯಾಡ. ನಿನ್ ಬಾಯಿಂದ ಮಾತ್ರ ಬ್ಯಾಡ."

"ನಾನು ಏನು ಮಾಡಿದ್ದೇನೆ?"

ಅವರು ಸುತ್ತ ನೋಡಿದರು. ಪಕ್ಕದ ಮಂಚದವಳು ನಿದ್ದೆಯಲ್ಲಿದ್ದಳು. "ಆ ನಾಟಿ ದಿನ ಬದಿನ್ ಮ್ಯಾಲೆ ಏನಂದೆ? 'ಅಬ್ಬಾ, ನಮ್ಮತ್ತೆ ನಡಿಗೆ ನೋಡಿ, ಮಂಕ್ರಿ ಹೊತ್ಕಂಡೂ ಚಿಗರೆ ಹಂಗೆ ಹೋಗ್ತಾರೆ' ಅಂದೆ. ಆಳುಗಳೆಲ್ಲ ತಿರುಗಿ ನೋಡುದ್ರು. ಹತ್ತೆಜ್ಜೆ ಹೋಗಿಲ್ಲ, ಬಿದ್ದೆ."

ನನಗೆ ಆ ಮಾತು ಆಡಿದ್ದೇ ನೆನಪಿರಲಿಲ್ಲ. ಹೊಸ ಸೊಸೆ, ಅತ್ತೆಯನ್ನು ಮೆಚ್ಚಿಸಲು ಏನೋ ಅಂದಿದ್ದೆ. ಆ ಮನೆಯಲ್ಲಿ ಯಾವುದನ್ನೂ ಚೆನ್ನಾಗಿದೆ ಎನ್ನುವ ಪದ್ಧತಿ ಇಲ್ಲ ಎಂದು ಆಗಿನ್ನೂ ನನಗೆ ತಿಳಿದಿರಲಿಲ್ಲ. ಕಣಜ ತುಂಬಿದರೂ 'ಏನೋ ಒಂದಿಷ್ಟು ಆಗೈತೆ' ಎನ್ನಬೇಕು. ಹಸು ಬಿಂದಿಗೆ ತುಂಬ ಕೊಟ್ಟರೂ 'ಅಷ್ಟೋ ಇಷ್ಟೋ ಕೊಡ್ತೈತೆ' ಎನ್ನಬೇಕು. ಜ್ವರ ಬಿಟ್ಟವರನ್ನು ಹೇಗಿದ್ದೀರಿ ಎಂದರೆ 'ಹಂಗೇ ಇವ್ನಿ' ಎಂದೇ ಉತ್ತರ. ಕಲ್ಲೇಟಿಗಿಂತ ಕಣ್ಣೇಟು ಕೆಟ್ಟದ್ದು ಎಂದು ಅತ್ತೆ ಹೇಳುತ್ತಿದ್ದದ್ದು ಯಾರ ಕಣ್ಣಿನ ಬಗ್ಗೆ ಎಂದು ನಾನು ಕೇಳಿಯೇ ಇರಲಿಲ್ಲ. ಈಗ ತಿಳಿಯಿತು. ಊಟದ ತಟ್ಟೆ ಹಿಡಿದು ಅವರು ನನಗೆ ಬೆನ್ನು ಹಾಕುತ್ತಿದ್ದದ್ದು ಸೊಂಟದ ನೋವಿಗಲ್ಲ.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಮೈಯೆಲ್ಲ ಉರಿಯುವಂಥ ಸಿಟ್ಟು. ಇಷ್ಟು ವರ್ಷ ನಾನು ಬೇಯಿಸಿದ್ದನ್ನು ಉಂಡು, ನಾನು ಹಾಸಿದ ಹಾಸಿಗೆಯಲ್ಲಿ ಮಲಗಿ, ಒಳಗೆ ನನ್ನನ್ನೇ ತಮ್ಮ ನೋವಿನ ಬುಡ ಎಂದುಕೊಂಡಿದ್ದರಲ್ಲ! ಇವರಿಗಾಗಿ ಊರಿನ ಹೆಂಗಸರ ಜೊತೆ ನಾನು ಜಗಳ ಆಡಿದ್ದೆ. ಇಡೀ ಊರನ್ನು ಅನುಮಾನಿಸಿದ ನಾನು ನನ್ನನ್ನೊಬ್ಬಳನ್ನು ಬಿಟ್ಟಿದ್ದೆ, ಅತ್ತೆ ಇಡೀ ಊರನ್ನು ಬಿಟ್ಟು ನನ್ನೊಬ್ಬಳನ್ನು ಹಿಡಿದಿದ್ದರು.

"ನಿನ್ ಮ್ಯಾಲೆ ಕ್ವಾಪ ಇಲ್ಲ ಕಣವ್ವ" ಎಂದರು ಅತ್ತೆ, ದನಿ ತಗ್ಗಿಸಿ. "ಕಣ್ಣು ಯಾರ್ ಕೈಲೈತೆ? ಬೇಕೂಂತ ಹಾಕಿದ್ದಲ್ಲ. ನಿಂದು ಹಂಗೇ, ಅಷ್ಟೇಯ. ಮೊದ್ಲ ಸಲ ಕಾಲು ಹಗೂರಾಗೈತೆ ನಂಗೆ. ಹೋಯ್ತು ಅಂತ ನಿನ್ ಮುಂದೆ ಅಂದ್ರೆ ಅದೂ ಹೋಗ್ತೈತೆ."

ಈ ಕನಿಕರ ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು. ವಾದ ಮಾಡಬಹುದಿತ್ತು. ಮಾಡಿದ್ದರೆ ಸಂಜೆಯಾಗುತ್ತಿತ್ತು, ಔಷಧಿ ಇಳಿಯುತ್ತಿತ್ತು, 'ನೋಡ್ದ್ಯಾ, ನಿನ್ ಕಣ್ಣು' ಎನ್ನುತ್ತಿದ್ದರು. ನಾಳೆ ಬಸ್ಸಿನ ಸರಳು ಹಿಡಿದು ನಿಂತುಕೊಂಡು ಊರಿಗೆ ಹೋಗಬೇಕು, ಮತ್ತೆ ಗೋಡೆ, ಮತ್ತೆ ಸೆರಗಿನ ತುದಿ. ನಾನು ಎದ್ದೆ. "ನಾನು ಇಲ್ಲಿ ಇರುವುದಿಲ್ಲ ಅತ್ತೆ. ಹೊರಗೆ ಹೋಗುತ್ತೇನೆ. ನಾನು ಬರುವುದೂ ಇಲ್ಲ, ನೋಡುವುದೂ ಇಲ್ಲ. ಡಾಕ್ಟರ ಹತ್ತಿರ ನಿಜ ಹೇಳಿ" ಎಂದೆ.

ಡಾಕ್ಟರು ಅಷ್ಟು ಹೊತ್ತಿಗೆ ಹೊರರೋಗಿಗಳ ಸಾಲಿನಲ್ಲಿ ಮುಳುಗಿದ್ದರು. ಜವಾನ ತಡೆದ. "ಚೀಟಿ ಇಲ್ದೆ ಬಿಡಲ್ಲ" ಎಂದ. ನಾನು ಅವನ ತೋಳಿನ ಅಡಿಯಿಂದ ನುಗ್ಗಿದೆ. ಎಸ್ಟೇಟ್ ಲೈನ್‌ನಲ್ಲಿ ಬೆಳೆದದ್ದು ಆವತ್ತು ಉಪಯೋಗಕ್ಕೆ ಬಂತು. ನಡೆದದ್ದನ್ನು ಹೇಳಿದೆ, ಲೋಟ ತಿಕ್ಕಿದ್ದು, ದೃಷ್ಟಿಯ ಮಾತು, ನನ್ನ ಕಣ್ಣಿನ ಮಾತು ಎಲ್ಲ. ಅಪರಿಚಿತರ ಎದುರು ನನ್ನ ಕಣ್ಣು ಕೆಟ್ಟದ್ದಂತೆ ಎಂದು ಹೇಳುವಾಗ ನಾಚಿಕೆಯಿಂದ ಕುಗ್ಗಿಹೋದೆ.

ಡಾಕ್ಟರು ಕನ್ನಡಕ ತೆಗೆದು ನನ್ನನ್ನೇ ನೋಡಿದರು. ಅವರಿಗೂ ಅನುಮಾನ! "ಮನೆಯವರಿಗೆ ರೋಗಿ ಬೇಗ ಗುಣವಾಗಲಿ ಅಂತ ಅವಸರ ಇರುತ್ತದೆ. ಅವರು ಇಲ್ಲ ಅಂದದ್ದನ್ನು ನೀವು ಹೌದು ಅಂತಿದ್ದೀರಿ. ನಿಮ್ಮ ಮಾತು ನಂಬಿ ನಾನು ತಪ್ಪು ನರಕ್ಕೆ ಔಷಧಿ ಬಿಟ್ಟರೆ?"

"ನನ್ನನ್ನು ನಂಬಬೇಡಿ ಡಾಕ್ಟರೆ. ನಾನೂ ಯಾರನ್ನೂ ನಂಬುವವಳಲ್ಲ. ಈಗಲೇ ಹೋಗಿ ಅವರನ್ನೇ ಕೇಳಿ. ಒಬ್ಬರೇ ಹೋಗಿ. ಚೆನ್ನಾಗಿದೆಯಾ ಅಂತ ಕೇಳಬೇಡಿ, ಹೋಯಿತಾ ಅಂತಲೂ ಕೇಳಬೇಡಿ. ಎಷ್ಟು ಉಳಿದಿದೆ ಅಂತ ಕೇಳಿ."

"ಇದು ಆಸ್ಪತ್ರೆ ಕಣಮ್ಮ" ಎಂದರು. ಆದರೂ ಎದ್ದರು. "ನೀವು ಇಲ್ಲೇ ಇರಿ. ವಾರ್ಡಿನ ಬಾಗಿಲಿಗೂ ಬರಬೇಡಿ" ಎಂದು ನನಗೇ ಆಜ್ಞೆ ಮಾಡಿದರು.

ಅಂಗಳದಲ್ಲಿ ಒಂದು ಹೊಂಗೆಮರ ಇತ್ತು. ಅದರ ಬುಡದಲ್ಲಿ, ವಾರ್ಡಿಗೆ ಬೆನ್ನು ಮಾಡಿ ನಿಂತೆ. ಗಂಟೆಗಟ್ಟಲೆ ನಿಂತಂತೆ ಅನ್ನಿಸಿತು. ಹೇಳದಿದ್ದರೆ ಎಂಬ ಭಯ. ಹೇಳಿದರೆ? ನನಗೆ ಅದೂ ಹಿತವಾಗಿರಲಿಲ್ಲ. ನಾನು ಎದ್ದು ಬಂದ ಕೂಡಲೇ ಹೇಳಿಬಿಟ್ಟರೆ ನನ್ನ ಕಣ್ಣಿನ ಮೇಲಿನ ಆರೋಪ ನಿಜ ಎಂದೇ ಆಯಿತಲ್ಲ! ಅವರು ಹೇಳಲಿ ಎಂದೂ, ಹೇಳದಿರಲಿ ಎಂದೂ ಒಟ್ಟಿಗೇ ಬೇಡಿಕೊಂಡ ಮೂರ್ಖಳು ನಾನು.

ಮಲಯಾಳಿ ನರ್ಸು ಓಡಿ ಬಂದಳು. "ಪರಞ್ಞು ಚೇಚಿ, ಅಮ್ಮ ಪರಞ್ಞು" ಎಂದಳು. ಹೇಳಿದರಂತೆ. ಎಷ್ಟು ಉಳಿದಿದೆ ಎಂದು ಕೇಳಿದ್ದಕ್ಕೆ ಅತ್ತೆ ಬಾಗಿಲ ಕಡೆ ಒಮ್ಮೆ ನೋಡಿ, ಉಗುರಿನ ತುದಿ ತೋರಿಸಿ, 'ಇಷ್ಟು' ಎಂದರಂತೆ. ಆಮೇಲೆ ಡಾಕ್ಟರ ಎದುರಿಗೇ ಕೂತು ಎದ್ದು ತೋರಿಸಿದರಂತೆ. ನಾನು ಮರಕ್ಕೆ ಒರಗಿದೆ. ಆಗ ಬಂತು ನೋಡಿ ಅಳು.

ಮರುದಿನ ಎರಡನೆಯ ಸೂಜಿ ಆಯಿತು. ಆ ಬಾಟಲಿಯಲ್ಲಿ ಏನಿತ್ತು ಎಂದು ನಾನು ಈ ಸಲ ಕೇಳಲಿಲ್ಲ, ಈಗಲೂ ನನಗೆ ಗೊತ್ತಿಲ್ಲ. ಶಾಶ್ವತ ಎಂದು ಹೇಳಲಾರೆ, ನರ ಮತ್ತೆ ಎಚ್ಚರಾದರೆ ಬನ್ನಿ ಎಂದರು ಡಾಕ್ಟರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಆ ಮಾತಿಗೆ. ಅತ್ತೆಗೆ ಎಡಪಾದದ ಒಂದು ಬದಿ ಮರಗಟ್ಟಿಯೇ ಉಳಿಯಿತು, ಚಪ್ಪಲಿ ಕಳಚಿ ಹೋದರೂ ತಿಳಿಯುತ್ತಿರಲಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರು. ನಾನು ಬೇಕೆಂದೇ ಅವರ ಹಿಂದಿನ ಸೀಟಿನಲ್ಲಿ ಕೂತೆ. ಹುಣಸೂರಿನಲ್ಲಿ ಅವರು ಕಡಲೆಕಾಯಿ ಕೊಂಡು, ತಿರುಗಿ ನೋಡದೆ, ಅರ್ಧ ಪೊಟ್ಟಣ ಹಿಂದಕ್ಕೆ ಚಾಚಿದರು. ನಾನು ತೆಗೆದುಕೊಂಡೆ.

ಮನೆಗೆ ಬಂದಮೇಲೆ ನಾನು ಬೇರೆಯೇ ಹೆಂಗಸಾದೆ. ಬಡಿಸುವಾಗ ತಟ್ಟೆ ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಅತ್ತೆ ನಡೆದು ಬಂದರೆ ಒಲೆಯ ಕಡೆ ತಿರುಗುತ್ತಿದ್ದೆ. ಇದರಲ್ಲಿ ಸಿಟ್ಟು ಎಷ್ಟಿತ್ತು, ಹೆದರಿಕೆ ಎಷ್ಟಿತ್ತು ಎಂದು ಬಿಡಿಸಿ ಹೇಳಲಾರೆ. ದೃಷ್ಟಿ ಗಿಷ್ಟಿ ಎಲ್ಲ ನಾನು ನಂಬುವವಳಲ್ಲ. ಆದರೂ ಅವರು ಹಿತ್ತಿಲಲ್ಲಿ ಬಗ್ಗಿ ಸೌದೆ ಎತ್ತುವುದು ಕಣ್ಣ ತುದಿಗೆ ಬಿದ್ದರೆ ಎದೆ ಧಸಕ್ ಎನ್ನುತ್ತಿತ್ತು. ಗಂಡ ಒಂದು ದಿನ, "ಅವ್ವ ಈಗ ಓಡಾಡ್ತಾರೆ, ಅಲ್ವಾ?" ಎಂದಾಗ, "ನನ್ನ ಕೇಳಬೇಡಿ" ಎಂದು ಎದ್ದು ಹೋದೆ. ಅವರು ಎಂದಿನಂತೆ ಎತ್ತುಗಳ ಕಡೆ ಹೋದರು.

ಮುಂಗಾರಿಗೆ ಮುಂಚೆ ಒಂದು ಬೆಳಿಗ್ಗೆ. ಮನೆಯಲ್ಲಿ ನಾವಿಬ್ಬರೇ. ಅತ್ತೆ ಬಾವಿಯ ಪಕ್ಕದ ಪಾತಿಯಲ್ಲಿ ಮೆಣಸಿನ ಸಸಿ ನೆಡುತ್ತಿದ್ದರು. ನಾನು ಬಿಂದಿಗೆ ಹಿಡಿದು, ಆ ಕಡೆ ನೋಡದೆ, ಬಾವಿಕಟ್ಟೆಗೆ ಹೋದೆ.

"ಸೊಂಟ ನೋಯ್ತಿಲ್ಲ" ಎಂದಿತು ಹಿಂದಿನಿಂದ ದನಿ.

ಹಗ್ಗ ನನ್ನ ಕೈಯಲ್ಲೇ ನಿಂತಿತು.

"ಕಾಲೂ ನೋಯ್ತಿಲ್ಲ ಕಣವ್ವ. ಆ ಸೂಜಿ ಹಾಕಿದ್ ಮ್ಯಾಲೆ ಇಲ್ಲ. ಹೋಗೈತೆ."

ಊರಿಗೆ ಬಂದಮೇಲೆ ಯಾರಿಗೂ ಹೇಳದ ಮಾತು, ಮಗನಿಗೂ ಹೇಳಿರಲಿಲ್ಲ. ನನಗೆ ಹೇಳುತ್ತಿದ್ದರು. ಸಂತೋಷ ಪಡುವ ಬದಲು ನಾನು ಹೆದರಿದೆ. ಈಗ ತಿರುಗಿ ನೋಡಿದರೆ, ನೋಡಿದ ಮೇಲೆ ಅದು ಮರಳಿ ಬಂದರೆ? ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ.

ಅತ್ತೆ ಎದ್ದು ಬಂದ ಸದ್ದಾಯಿತು. ಮಣ್ಣು ಮೆತ್ತಿದ ಕೈ ನನ್ನ ಗಲ್ಲ ಹಿಡಿದು ತಿರುಗಿಸಿತು.

"ಕಣ್ ಯಾಕ್ ಮುಚ್ಕಂಡಿದ್ದೀ?"

"ಧೂಳು ಬಿತ್ತು ಅತ್ತೆ."

"ನೀನು ನೋಡ್ಲಿ ಅಂತ್ಲೇ ಹೇಳಿದ್ದು" ಎಂದರು. "ನೋಡು."

ನಾನು ನೋಡಿದೆ.